ಇಪ್ಪತ್ತು ರೂಪಾಯಿ

ಮೊದಲು ಕಬ್ಬಿಣ, ಆಮ್ಯಾಲ ರಬ್ಬರು,
ಆಮ್ಯಾಲ ಎಳೆದು ತರುವ ಚಪ್ಪಲಿ.
ಶಹಾಬಾದ ಕಲ್ಲಿನ ಮ್ಯಾಲ
ನೀಲಗಂಗಾ ಬರೋದು ಹಂಗ.
ಉಳಿದವರು ಆ ಸಪ್ಪಳಕ್ಕ ಹರಟಿ ನಿಲ್ಲಸ್ತಾರ.
ನಾನು ಅದಕ್ಕೂ ಮೊದಲು,
ಗೇಟಿನ ಹೊರಗ ಆಕಿ ಮೂರುಗಾಲಿ ಸ್ಕೂಟರಿನ
ಬ್ರೇಕು ಕಿರ್ ಅಂದಾಗಲೇ.

ಆಳಂದ ರೋಡಿನ ಈ ತಗಡಿನ ಶೆಡ್ಡಿನಾಗ
ಹದಿನೇಳು ಮಂದಿ ಇದ್ದೀವಿ.
ಕೈ ಎಣಿಸಿದರ ಮೂವತ್ತೊಂದು.
ಕಾಲಿನ ಲೆಕ್ಕ ಯಾರೂ ಕೇಳಿಲ್ಲ,
ರೊಟ್ಟಿಗೆ ಕಾಲು ಬೇಕಾಗಂಗಿಲ್ಲ.

ಖಾಜಾಬಿ ತಟ್ಟತಾಳ. ಕಿವಿ ಕೇಳಂಗಿಲ್ಲ ಆಕಿಗೆ,
ಅದಕ್ಕ ಓಣಿಗೆಲ್ಲ ಕೇಳುವಂಗ ತಟ್ಟತಾಳ:
ತಪ ತಪ ತಪ್, ನಡುವ ಒಂದು ತಿರುವು, ಮತ್ತ ತಪ.
ಆಕಿ ಅಂಗೈ ಎಷ್ಟು ಮಾತಾಡತದ ಅಂತ
ಒಮ್ಮಿ ಆಕಿ ಮುಂಗೈ ಮ್ಯಾಲ
ಬೆರಳಿಲೆ ತಾಳ ಹಾಕಿ ತೋರಿಸಿದೆ.
ನಕ್ಕಿರಬೇಕು. ಹಿಟ್ಟು ಹಾರಿ ನನ್ನ ಮೂಗಿಗೆ ಬಂತು.

ನನ್ನ ಕೆಲಸ ಕಡೀಕ.
ಖಡಕ್ ರೊಟ್ಟಿ ಒಂದೊಂದೇ ಎತ್ತಿ
ಉಗುರಿಲೆ ಬಾರಿಸಿ ಕೇಳೋದು.
ಠಣ್ ಅಂದ್ರ ಪ್ಯಾಕೆಟ್ಟು.
ಠಕ್ ಅಂದ್ರ ಸೀಳು ಬಿಟ್ಟದ.
ದಪ್ ಅಂದ್ರ ಒಳಗ ಹಸಿ, ಮೂರು ದಿನಕ್ಕ ಬೂಷ್ಟು.
ಎಳ್ಳು ಹಚ್ಚಿದ್ದು ಬ್ಯಾರೆ ನುಡೀತದ,
ಸಜ್ಜಿ ರೊಟ್ಟಿ ಇನ್ನೂ ಬ್ಯಾರೆ.
ಹಾರ್ಮೋನಿಯಂ ಕಲೀಲಿ ಅಂತ ಸಣ್ಣಾಂವ ಇದ್ದಾಗ
ಮಠದಾಗ ಬಿಟ್ಟಿದ್ದರು ನನ್ನ,
ಕುರುಡಗ ಮತ್ತೇನು ಬರತದ ಅಂತ.
ಸ್ವರ ಹತ್ತಲಿಲ್ಲ. ರೊಟ್ಟಿ ಹತ್ತಿತು.

ಶನಿವಾರ ಮಧ್ಯಾಹ್ನ ಒಲಿ ಆರಿಸಿ
ಜಿಲ್ಲಾ ದವಾಖಾನಿ ಬೇವಿನ ಗಿಡದ ಬುಡಕ ಕೂಡತಾಳ,
ಗಲ್ಲಾದಾಗ ಹತ್ತಕ್ಕ ಒಂದು ಅದಕ್ಕೇ ತೆಗೆದಿಟ್ಟು.
ಅಫಜಲಪುರದಿಂದ ಬಂದವರಿಗೆ ಬಸ್ ಚಾರ್ಜು, ಚಾ,
ಫಾರ್ಮು ತುಂಬೋದು, ಫೋಟೋ ಅಂಟಿಸೋದು,
ಎರಡನೇ ಮಾಳಿಗಿ ಡಾಕ್ಟರನ್ನ
“ಕೆಳಗ ಇಳಿದು ಬರ್ರಿ, ನಿಮಗ ಕಾಲು ಅವಲ್ಲ” ಅಂತ ಕೂಗೋದು.
ಅಲ್ಲೇ ನನಗ ಸರ್ಟಿಫಿಕೇಟು ಸಿಕ್ಕಿದ್ದು.
ಆಕಿಗೆ ಶೇಕಡಾ ಅರವತ್ತು.
ನನಗ ನೂರಕ್ಕ ನೂರು,
ಸಾಲ್ಯಾಗ ಎಂದೂ ಬೀಳಲಾರದ ಮಾರ್ಕು.

ಡಿಸೆಂಬರಿನಾಗ ಒಬ್ಬ ಸಾಹೇಬರು ಬಂದರು.
ಸೇಬಿನ ವಾಸನಿ, ಹೊಸ ಶಾಲಿನ ಸರಸರ, ಕ್ಯಾಮರಾದ ಚಿಟಿಕಿ.
“ನಿಮ್ಮಂಥವರನ್ನ ನೋಡಿದ್ರ ದುಃಖ ಆಗ್ತದಮ್ಮಾ.”
“ಊಟ ಆಗಿರಲಿಕ್ಕಿಲ್ಲ, ಅದಕ್ಕ ಹಂಗ ಆಗ್ತದರಿ.
ಇದು ದಾನದ ಮನಿ ಅಲ್ಲ, ದುಕಾನ.”
ಇನ್ನೂರು ರೊಟ್ಟಿ, ಎರಡು ಕಿಲೋ ಶೇಂಗಾ ಹಿಂಡಿ
ಜೀಪಿಗೆ ಹೇರಿಸಿ ಬಿಲ್ಲು ಕೊಟ್ಟಳು.
ಶಾಲು ಈಗ ಹಿಟ್ಟಿನ ಬುಟ್ಟಿಗೆ ಹೊದಿಕಿ.

ಇಷ್ಟು ಹೇಳಿದೆ ಅಂತ ಆಕಿನ್ನ ದೇವರು ಮಾಡಬ್ಯಾಡ್ರಿ.
ಬಾಯಿ ಬಿರುಸು.
ಬ್ಯಾಂಕಿನ ಕಂತು ಬಂದ ವಾರ
ಒಲಿಕಿಂತ ಆಕಿನೇ ಹೆಚ್ಚು ಕಾಯ್ತಾಳ.

ಹೋದ ಮಳಿಗಾಲದಾಗ ನನ್ನ ಮೂಗು ಕಟ್ಟಿತ್ತು,
ಕಿವಿನೂ ಅರ್ಧ.
ಎರಡು ಹಸಿ ರೊಟ್ಟಿ ನನ್ನ ಉಗುರು ದಾಟಿ
ಹುಮನಾಬಾದಿಗೆ ಹೋದವು,
ಬೂಷ್ಟು ಹಿಡಿದು ತಿರುಗಿ ಬಂದವು.
ಕಬ್ಬಿಣ, ರಬ್ಬರು, ಚಪ್ಪಲಿ. ನೆಟ್ಟಗ ನನ್ನ ಮುಂದ.
“ಹಣಮಂತ್ರಾಯ, ಇವು ಯಾರ ಕೈಯಾಗಿಂದ ಹೋದವು?”
“ನನ್ನವೇ.”
“ಇಪ್ಪತ್ತು ರೂಪಾಯಿ ದಂಡ. ನಾಳಿ ಕಿವಿ ತೋರಿಸಿಕೊಂಡು ಬಾ.”

ನನ್ನ ಮೂವತ್ತಾರು ವರ್ಷದಾಗ
ಕೈಯಾಗಿನ ಗಡಿಗಿ ಬಿದ್ದು ಒಡೆದಾಗ, ಪಾಪ.
ಮದುವಿ ಮನ್ಯಾಗ ಊಟದ ಎಲಿ ತುಳಿದಾಗ, ಪಾಪ.
ಸುಳ್ಳು ಹೇಳಿ ಸಿಕ್ಕಾಗೂ, ಖರೇ ಅಂತೀನಿ, ಪಾಪ.
ತಪ್ಪು ನಿಂದು ಅಂತ
ಯಾರೂ ಅಂದಿದ್ದಿಲ್ಲ.

ಸಿಟ್ಟು ಬಂದಿತ್ತು, ಅದನ್ನೂ ಹೇಳಬೇಕು.
ಸಂಜಿ ದಾರ್ಯಾಗ ಕಿಸೆದಾಗಿನ ನೋಟು
ಮುಟ್ಟಿ ಮುಟ್ಟಿ ಎಣಿಸಿದೆ: ಇಪ್ಪತ್ತು ಕಮ್ಮಿ.
“ಯಾಕೋ, ಒಬ್ಬನೇ ನಗಲಕತ್ತಿ?” ಅಂದಳು ಅವ್ವ.

ಕಿವಿ ಡಾಕ್ಟರಿಗೆ ನೂರೈವತ್ತು ಆತು.
ಅದನ್ನ ನೀಲಗಂಗಾನೇ ಕೊಟ್ಟಳು, ಚೀಟಿ ಕೇಳಿ ಇಸಕೊಂಡು.
ದಂಡ ತಿರುಗಿ ಕೊಡಲಿಲ್ಲ.
ನಾನೂ ಕೇಳಲಿಲ್ಲ.